ಗುಬ್ಬಿಯ ಎಡಗಿವಿ

ಅತ್ತೆ,

ನಮಸ್ಕಾರ. ಫೋನಿನಲ್ಲಿ ನೀವು ನಿಮ್ಮ ಮಗನ ಪರವಾಗಿ ಕೇಳಿದಿರಿ. "ಅವನು ಈಗ ಮೆತ್ತಗಾಗಿದ್ದಾನೆ ಕಣೇ. ಒಂದ್ಸಲ ಮಗು ಮುಖ ನೋಡ್ಬೇಕಂತೆ. ಬೇಡ ಅಂದ್ರೆ ಬೇಡ, ನಾನೇನೂ ಅಂದ್ಕೊಳ್ಳಲ್ಲ," ಎಂದಿರಿ. ಬೇರೆ ಯಾರಾದರೂ ಕೇಳಿದ್ದರೆ ಫೋನನ್ನು ಗೋಡೆಗೆ ಎಸೆಯುತ್ತಿದ್ದೆ. ಕೇಳಿದವರು ನೀವು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾವೆಲ್ಲ ಒಂದೇ ಮನೆಯಲ್ಲಿದ್ದಾಗ ಗುಬ್ಬಿಗೆ ನೆಗಡಿ ಹಿಡಿದಿತ್ತು, ನೆನಪಿದೆಯಲ್ಲ? ಕಿವಿ ನೋವೆಂದು ದಿಂಬಿಗೆ ಕೆನ್ನೆ ಒತ್ತಿ ಹೊರಳಾಡುತ್ತಿದ್ದಳು. ಅಳು ನಿಂತಾಗ ವಾಸಿಯಾಯಿತೆಂದು ನಾವಿಬ್ಬರೂ ಉಸಿರು ಬಿಟ್ಟೆವು. ಒಳಗೆ ಕೀವು ಕಟ್ಟುತ್ತಲೇ ಇತ್ತು. ಕರೆದರೆ ತಿರುಗುತ್ತಿರಲಿಲ್ಲ. "ಇತ್ತೀಚೆಗೆ ಹೇಳಿದ ಮಾತೇ ಕೇಳಲ್ಲ" ಎಂದು ಟೀಚರ್ ದೂರಿದರು. ನಿಮ್ಮ ಮಗನ ತಲೆಯಲ್ಲಿ ಆ ಮಾತು ಮೊಳೆಯಂತೆ ಇಳಿದು ಕೂತಿತು.

ಅಂದು ಕೆಲಸದ ಶೆಡ್ಡಿನಲ್ಲಿ ಅವರು ಬೀರುವಿನ ಬಾಗಿಲು ಕೂರಿಸುತ್ತಿದ್ದರು. 'ಅವರು' ಎಂದು ಬರೆಯಲು ಕೈ ಏಳುತ್ತಿಲ್ಲ; ಅವನು ಎಂದೇ ಬರೆಯುತ್ತೇನೆ, ಕ್ಷಮಿಸಿ. ಒಂದು ಕೈಯಲ್ಲಿ ಹಲಗೆ ಹಿಡಿದು "ಉಳಿ ಕೊಡೇ" ಎಂದು ಕೂಗಿದ. ಗುಬ್ಬಿ ಬೆನ್ನು ಹಾಕಿ ಕೂತು ಮರದ ಸಿಪ್ಪೆಯ ಸುರುಳಿಗಳನ್ನು ಪೋಣಿಸುತ್ತಿದ್ದಳು. ಮತ್ತೆ ಕೂಗಿದ. ಅಷ್ಟರಲ್ಲಿ ಹಲಗೆ ಜಾರಿ ಅವನ ಕಾಲ ಮೇಲೆ ಬಿತ್ತು.

ಜಡೆ ಹಿಡಿದು ಎತ್ತಿದ. "ಕಿವುಡಿ ಥರ ನಾಟಕ ಆಡ್ತೀಯಾ?" ಕಿವಿಯ ಮೇಲೆ ಬಿದ್ದ ಏಟಿಗೆ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಸದ್ದಾಯಿತು. ಮಗು ಮೇಜಿನ ಅಂಚಿಗೆ ಹೋಗಿ ಬಿತ್ತು. ಎಡಗಿವಿಯಿಂದ ರಕ್ತ, ಅದರ ಹಿಂದೆಯೇ ಹಳದಿ ಕೀವು ಕತ್ತಿನವರೆಗೆ ಇಳಿಯಿತು. ಅವಳು ಅಳಲಿಲ್ಲ. ಏನು ಹೇಳುತ್ತಿದ್ದಾನೆಂದು ತಿಳಿಯಲು ಅವನ ತುಟಿಯನ್ನೇ ನೋಡಿದಳು. "ಗುರಾಯಿಸ್ತೀಯಾ?" ಎಂದು ಮತ್ತೆ ಕೈ ಎತ್ತಿದ.

ನಾನು ಹಾರಿ ಆ ತೋಳನ್ನು ಕಚ್ಚಿದೆ. ಮರದ ಪುಡಿ, ಬೆವರು, ರಕ್ತ ಎಲ್ಲ ಬಾಯಿಗೆ ಬಂದವು. ಮೊಣಕೈಯಿಂದ ತಿವಿದ, ನನ್ನ ಮುಂದಿನ ಹಲ್ಲು ಮುರಿದು ನಾಲಗೆಯ ಮೇಲೆ ಬಿತ್ತು. ಅವನು ಉದ್ದನೆಯ ಮರದ ರೀಪಿನ ತುಂಡು ಎತ್ತಿಕೊಂಡ. ಆಗ ನೀವು ಬಂದಿರಿ, ಕೈಯಲ್ಲಿ ಅವನದೇ ಕೊಡತಿ, ಉಳಿಗೆ ಹೊಡೆಯುವ ಮರದ ಸುತ್ತಿಗೆ. ಅವನ ಮಣಿಕಟ್ಟಿಗೆ ಹೊಡೆದಿರಿ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಎರಡನೆಯದು ಭುಜಕ್ಕೆ. "ಅಮ್ಮಾ" ಎಂದು ಮಂಡಿಯೂರಿದ.

"ಆ ಬಾಯಲ್ಲಿ ಅಮ್ಮ ಅನ್ಬೇಡ. ನಿಮ್ಮಪ್ಪ ನನ್ನನ್ನ ಬಡೀವಾಗ ಬಾಗಿಲ ಸಂದೀಲಿ ನಿಂತು ಅಳ್ತಿದ್ದೆ ನೀನು. ಅದನ್ನ ನೋಡಿ, ಇವನು ಅಂಥವನಾಗಲ್ಲ ಅಂತ ಎಲ್ಲಾ ಸಹಿಸ್ಕೊಂಡೆನಲ್ಲೋ! ಎದ್ದು ಹೋಗು."

ಕೊಡತಿ ಮತ್ತೆ ಮೇಲೆದ್ದಿತ್ತು. ನಾನು ನಿಮ್ಮ ಕೈ ಹಿಡಿಯದಿದ್ದರೆ ಅವನ ಬುರುಡೆ ಉಳಿಯುತ್ತಿರಲಿಲ್ಲ.

ಡಾಕ್ಟರು ಬೆಳಕು ಬಿಟ್ಟು ನೋಡಿ ಹೇಳಿದ್ದು ನಿಮಗೂ ನೆನಪಿರಬೇಕು. "ಎರಡೂ ಮಧ್ಯಕಿವಿ ತುಂಬಿಕೊಂಡಿವೆ. ಮಕ್ಕಳಿಗೆ ಮೂಗಿನ ಹಿಂದಿಂದ ಕಿವಿಗೆ ಹೋಗೋ ನಳಿಗೆ ಗಿಡ್ಡ. ನೆಗಡಿ ಬೇಗ ಅಲ್ಲಿಗೆ ಹತ್ತತ್ತೆ. ನೀರೊಳಗೆ ಮುಳುಗಿದವರಿಗೆ ಕೇಳಿಸಿದ ಹಾಗೆ ಕೇಳಿಸತ್ತೆ. ಎಡಗಿವಿ ತಮಟೆ ಮೊದಲೇ ಬಿಗಿದಿತ್ತು, ಏಟಿಗೆ ಹರಿದಿದೆ." ಟೀಚರ್ ಹೇಳಿದ್ದನ್ನು ನಾನು ಹೇಳಿದೆ. ಡಾಕ್ಟರು ಕನ್ನಡಕ ತೆಗೆದರು. "ಮಗು ಮಾತು ಕೇಳ್ತಿರ್ಲಿಲ್ಲ ಅಲ್ಲಮ್ಮ. ಮಾತು ಮಗುವಿಗೆ ಕೇಳಿಸ್ತಿರ್ಲಿಲ್ಲ." ನೀವು ಕಾರಿಡಾರಿನ ನೆಲದ ಮೇಲೆ ಕುಸಿದು ಕೂತು ನಿಮ್ಮ ತಲೆಯನ್ನು ಗೋಡೆಗೆ ಚಚ್ಚಿಕೊಂಡಿರಿ.

ಆಮೇಲೆ ನಾನು ಅವನಿಂದ ಬೇರೆಯಾದೆ. ನೀವು ಮಾತ್ರ ಅವನ ಬಳಿಗೇ ಹೋದಾಗ ನನಗೆ ಮೈ ಉರಿದುಹೋಯಿತು. "ಹೆತ್ತಿದ್ದೀನಲ್ಲ. ಬೀದೀಲಿ ಬಿಟ್ರೆ ಇನ್ಯಾರ ಮಗು ಮೇಲೆ ಕೈ ಎತ್ತುತ್ತಾನೋ. ಕಾವಲು ಕೂತಿರ್ತೀನಿ," ಎಂದಿರಿ. ಅದು ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು.

ಹರಿದ ತಮಟೆ ತಾನಾಗಿ ಕೂಡಲಿಲ್ಲ. ಕಿವಿಯ ಹಿಂದಿನಿಂದಲೇ ತೆಳು ಪೊರೆ ತೆಗೆದು ತೇಪೆ ಹಾಕಿದರು. ಕಳೆದ ವಾರದ ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದರು. ಈಗ ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದನ್ನೂ ನನಗಿಂತ ಮೊದಲು ಹೇಳುತ್ತಾಳೆ. ಆದರೆ ತಲೆ ಬಾಚಲೆಂದು ನಾನು ಕೈ ಎತ್ತಿದರೂ ಕುತ್ತಿಗೆ ಭುಜದೊಳಗೆ ಹೋಗುತ್ತದೆ, ಅತ್ತೆ. ಅದಕ್ಕೆ ಯಾವ ಡಾಕ್ಟರೂ ತೇಪೆ ಹಾಕಲಾರರು.

ನಿಮ್ಮ ಮಾತನ್ನು ಅವಳ ಮುಂದೆಯೇ ಇಟ್ಟೆ. ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದವಳು ಎರಡೂ ಗಂಟುಗಳನ್ನು ಬಿಗಿದಳು. ಆಮೇಲೆ ಹೇಳಿದಳು:

"ಅಪ್ಪ ಕರೆದ್ರೆ ಈಗ ನಂಗೆ ಕೇಳಿಸತ್ತೆ ಅಂತ ಹೇಳು. ಆದ್ರೂ ನಾನು ಹೋಗಲ್ಲ ಅಂತ ಹೇಳು."

ಈ ಎರಡು ಸಾಲನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿ. ನನ್ನ ಉತ್ತರವೂ ಅದೇ.

ನೀವು ಬನ್ನಿ. ಕಾವಲುಗಾರರಿಗೂ ರಜೆ ಇರುತ್ತದೆ. ನಿಮ್ಮ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ.

ಇನ್ನು ಮುಂದಾದರೂ ನೀವು ಯಾವ ಗಂಡಸಿನ ಹೆಜ್ಜೆಯ ಸದ್ದಿಗೂ ಬೆಚ್ಚದೆ ನಿದ್ದೆ ಮಾಡುವಂತಾಗಲಿ.

ನಿಮ್ಮ ಮಗನ ಹೆಂಡತಿ ಅಲ್ಲದಿದ್ದರೂ ನಿಮ್ಮ ಸೊಸೆಯೇ ಆದ,
ಗುಬ್ಬಿಯ ಅಮ್ಮ