ಟಬ್ಬಿನಲ್ಲಿ ಕರಿಬೇವು

ಹ್ಯೂಸ್ಟನ್, ಹಿಲ್‌ಕ್ರಾಫ್ಟ್
ಭಾನುವಾರ, 9 ಮಾರ್ಚ್ 2025

ಪ್ರೀತಿಯ ಪ್ರೇಮಾ,

ಮಂಡಿನೋವು ಹೇಗಿದೆ? ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡ. ನಮ್ಮ ಹರ್ಷಿಣಿಗೆ ಬಾಣಂತನದಲ್ಲಿ ನಿದ್ದೆ ಸಿಗುತ್ತಿದೆಯಾ? ನಾನು ಚೆನ್ನಾಗಿದ್ದೇನೆ. ಆದರೆ ಬೆಳಗಿನ ಜಾವ ಕೆಟ್ಟ ಕನಸು. ನೀನು ನಮ್ಮ ಕಾಂಪ್ಲೆಕ್ಸಿನ ಗೇಟಿನ ಹೊರಗೆ ಬ್ಯಾಗು ಹಿಡಿದು ನಿಂತಿದ್ದೀಯ, ಗೇಟು ತೆರೆಯುತ್ತಿಲ್ಲ. ನಾನು ಬಾಲ್ಕನಿಯಿಂದ ಕೂಗಿದರೆ ಗಂಟಲಲ್ಲಿ ಸದ್ದೇ ಇಲ್ಲ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಅಂತ ಹೆದರಿಸುವವಳು ನೀನೇ.

ಫೋನಿನಲ್ಲಿ ಹೇಳಬಾರದಾ ಅನ್ನುತ್ತೀಯ. ಕೂಸು ಹೆಗಲ ಮೇಲೆ, ಫೋನು ಸ್ಪೀಕರಿನಲ್ಲಿ, ಅಳಿಯಂದಿರು ಪಕ್ಕದಲ್ಲಿ. ಗಂಡ ಹೆಂಡತಿ ಮಾತು ಹೇಗೆ ಆಡುವುದು? ಕೆಳಗಿನ ಮನೆಯ ಸುಶೀಲಮ್ಮನವರು ನಾಳೆ ನಿಮ್ಮ ಆಸ್ಟಿನ್ನಿಗೇ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಕನ್ನಡಕ ಹಾಕಿಕೊಂಡು ಓದು.

ಹೋದ ವಾರ ಕಾಂಪ್ಲೆಕ್ಸಿನ ಆಫೀಸಿನವರು ಬಾಗಿಲಿಗೆ ಚೀಟಿ ಅಂಟಿಸಿದರು. ಬಾಲ್ಕನಿಗೆ ಬಣ್ಣ ಹೊಡೆಯುತ್ತಾರಂತೆ, ಅಲ್ಲಿ ಉಳಿದದ್ದೆಲ್ಲ ಕಸಕ್ಕೆ. ನಿನ್ನ ಕರಿಬೇವು! ಜನವರಿಯ ಹಿಮದಲ್ಲಿ ನನ್ನ ಶಾಲು ಹೊದಿಸಿ ಉಳಿಸಿದ ಗಿಡ. ಕಾರ್ಪೆಟ್ಟಿಗೆ ಮಣ್ಣಾದರೆ ಅವರು ಬಿಡುತ್ತಾರಾ? ಸ್ನಾನದ ಟಬ್ಬಿನಲ್ಲಿ ಇಟ್ಟೆ. ಹೋಟೆಲಿನ ಅಡುಗೆಮನೆಯಿಂದ ಎಣ್ಣೆ ಮೈಯಲ್ಲಿ ಬಂದವನಿಗೆ ಸ್ನಾನವಂತೂ ಬೇಕು, ಶವರ್ ಬಿಟ್ಟರೆ ಸೋಪಿನ ನೀರು ಎಲೆಗೆ. ಅದಕ್ಕೆ ಬಕೆಟ್ಟು, ಚೊಂಬು ಹಿಡಿದು ನಮ್ಮೂರಿನ ಬಚ್ಚಲಲ್ಲಿ ಕೂರುವ ಹಾಗೆ ನೆಲದ ಮೇಲೇ ಕೂತೆ. ಇಲ್ಲಿನ ಬಚ್ಚಲ ನೆಲದಲ್ಲಿ ನೀರು ಹೋಗಲು ತೂತೇ ಇಲ್ಲ ಅನ್ನುವುದು ಮೈಯೆಲ್ಲ ಸೋಪು ಆದಮೇಲೆ ಹೊಳೆಯಿತು.

ಒರೆಸುವಷ್ಟರಲ್ಲಿ ಬಾಗಿಲು ಬಡಿದರು. ಸುಶೀಲಮ್ಮ, ಸೆರಗೆಲ್ಲ ಒದ್ದೆ. "ಏನ್ರೀ ಸೂರ್ಯಣ್ಣಾರ, ಹೊರಗ ಬಿಸಿಲು, ನಮ್ಮ ಬಚ್ಚಲದಾಗ ಮಳಿ! ಮ್ಯಾಲೆ ಎಮ್ಮಿ ಮೈ ತೊಳಿಯಾಕತ್ತೀರೇನು?" ಇವರು ಆಫೀಸಿಗೆ ಹೇಳಿ, ಅವರು ಮನೆ ಬಿಡಿಸಿದರೆ ನೀನು ಬರುವುದಾದರೂ ಎಲ್ಲಿಗೆ? ಅವರನ್ನು ಬಚ್ಚಲಿಗೆ ಕರೆದು ಟಬ್ಬಿನ ಕಡೆ ಕೈ ತೋರಿಸಿದೆ. ಅವರು ಒಂದು ಎಲೆ ಮುಟ್ಟಿ ಮೂಸಿದರು. "ಪ್ರೇಮಕ್ಕನ ಗಿಡಾನ? ನನ್ನ ಟಬ್ಬಿನ್ಯಾಗೂ ದೊಡ್ಡಪತ್ರಿ ಕುಂತೈತಿ. ಆದ್ರ ನಾ ಕುಂಡಾ ಎತ್ತಿಟ್ಟು ಜಳಕಾ ಮಾಡತೀನ್ರಿ. ಗಂಡಸರಿಗೆ ಅಷ್ಟೂ ಹೊಳಿಯೂದಿಲ್ಲ ನೋಡ್ರಿ." ಬೈಯುತ್ತಲೇ ತಮ್ಮ ಟವೆಲ್ಲುಗಳನ್ನು ತಂದು ನನ್ನ ಜೊತೆ ನೆಲ ಒರೆಸಿದರು. ಆಫೀಸಿಗೆ ಹೇಳಲಿಲ್ಲ, ಪುಣ್ಯಾತ್ಗಿತ್ತಿ. ಹೋಗುವಾಗ ಮಾತ್ರ, "ಅಕ್ಕಾರು ಯಾವಾಗ ಬರ್ತಾರ್ರೀ?" ಅಂದರು. ಒದ್ದೆ ಟವೆಲ್ಲುಗಳನ್ನು ಹಿಂಡಿ ಅವರ ಕೈಗೆ ಕೊಟ್ಟೆ.

ಮೊನ್ನೆ ಫೋನಿನಲ್ಲಿ ಹರ್ಷಿಣಿ, "ಅಮ್ಮ ಇನ್ನು ಇಲ್ಲೇ ಇರಲಿ ಬಿಡಪ್ಪಾ" ಅಂದಳಲ್ಲ, ನೀನು ಪಕ್ಕದಲ್ಲಿದ್ದೂ ಏನೂ ಅನ್ನಲಿಲ್ಲ. ಕೂಸು ಅಳುತ್ತಿತ್ತೇನೋ. ತಪ್ಪು ಅಂತಲ್ಲ, ಅವಳಿಗೂ ಕೈ ಬೇಕು. ಗಿಡ ಮತ್ತೆ ಬಾಲ್ಕನಿಗೆ ಹೋಗಿದೆ. ಒಂದು ಎಳೆಯ ಕುಡಿ ಹೊಡೆದಿದೆ, ಅದನ್ನು ಕಿತ್ತಿಲ್ಲ. ಬಲಿತ ಎಲೆ ಮಾತ್ರ ಈ ಪತ್ರದ ಜೊತೆ ಕಟ್ಟಿದ್ದೇನೆ, ಮಗಳ ಸಾರಿಗೆ ಹಾಕು.

ಕೂಸಿನ ಪಾದಕ್ಕೊಂದು ಮುತ್ತು. ಹರ್ಷಿಣಿಗೂ ಅಳಿಯಂದಿರಿಗೂ ದೇವರು ಆಯಸ್ಸು, ಒಳ್ಳೆ ನಿದ್ದೆ ಎರಡೂ ಕೊಡಲಿ.

ನಿನ್ನವ,
ಸೂರ್ಯನಾರಾಯಣ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ಮನೆಯ ಕರಾರು ಇನ್ನೊಂದು ವರ್ಷಕ್ಕೆ ಮಾಡಿಸುವಾಗ ಎಷ್ಟು ಜನ ಅಂತ ಕೇಳಿದರು. ಇಬ್ಬರು ಅಂದುಬಿಟ್ಟೆ. ಇಲ್ಲಿ ಇರದವರ ಗೇಟು ತೆರೆಯುವ ಬಿಲ್ಲೆಗಳನ್ನು ಈ ತಿಂಗಳ ಕೊನೆಗೆ ನಿಲ್ಲಿಸುತ್ತಾರಂತೆ, ನಿನ್ನದು ನಿಲ್ಲದಿರಲು ಅದರ ಬೆನ್ನಿನ ಮೇಲಿನ ನಂಬರು ಕೊಡಬೇಕು. ಕೈಚೀಲದ ಜಿಪ್ಪಿನ ಒಳಗೆ, ಕುಂಕುಮದ ಭರಣಿಯ ಹತ್ತಿರ ಆ ಕಪ್ಪು ಬಿಲ್ಲೆ ಇದೆಯಾ ನೋಡು. ಸಿಗದಿದ್ದರೆ ಇಲ್ಲ ಅಂತ ಹೇಳಿಬಿಡಬೇಡ, ಇನ್ನೊಂದು ಸಲ ನೋಡು.