ಬಾಣ ಓಡಾಡಿದರೆ ಓಡಾಡಲಿ

ಅಪ್ಪ,

ಬೆಳಿಗ್ಗೆ ನಾನು ಕೂಗಾಡಿದ್ದು ತಪ್ಪೇ. ಆದರೆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ.

ಅಮ್ಮನ ಕಿವಿ ಮಿಷನ್ ಸರಿಮಾಡಲು ಡಾಕ್ಟರಮ್ಮ ಹನ್ನೊಂದಕ್ಕೆ ಅವರ ಊರಿಂದಲೇ ನಮ್ಮ ಕಂಪ್ಯೂಟರಿನೊಳಗೆ ಬರುತ್ತಾರೆ. ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೋ. ಮಿಷನ್ನಿಗೂ ಕಂಪ್ಯೂಟರಿಗೂ ವೈರು ಸಿಕ್ಕಿಸಿಟ್ಟಿದ್ದೇನೆ, ಎಳೆಯಬೇಡ. ಪರದೆ ಮೇಲೆ 'ಒಳಗೆ ಬಿಡಲೇ' ಅಂತ ಕೇಳಿದಾಗ ಹಸಿರು ಗುಂಡಿ ಒತ್ತು, ಒಂದೇ ಸಲ. ಆಮೇಲೆ ಪರದೆಯಲ್ಲಿ ಮೌಸಿನ ಬಾಣ ತಾನಾಗಿ ಓಡಾಡುತ್ತದೆ. ಅದು ದೆವ್ವವಲ್ಲ, ಅವರ ಕೈ. ನೀನು ಮೌಸ್ ಅಲ್ಲಾಡಿಸಿದೆಯೋ, ಹಿಡಿತ ನಿನಗೆ ಬಂದು ಅವರು ಹೊರಗೆ ಬೀಳುತ್ತಾರೆ. ಹಿಂದೆ ಅವರು ಬಂದ ಎರಡು ಸಲವೂ ಆಗಿದ್ದು ಅದೇ. ಯಾಕೆ ಮುಟ್ಟಿದೆ ಅಂತ ಕೇಳಿದರೆ ನೀನು, 'ಸ್ಟಿಯರಿಂಗ್ ತಾನೇ ತಿರುಗಿದ್ರೆ ಯಾವ ಡ್ರೈವರ್ ಸುಮ್ನೆ ಕೂರ್ತಾನೋ' ಅಂದೆ. ಮೂವತ್ತು ವರ್ಷ ಬಸ್ಸು ಓಡಿಸಿದವನಿಗೆ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನೇನು ಹೇಳಲಿ?

ಅಮ್ಮನಿಗೆ ಏನೂ ಕೇಳಿಸದೆ ಇವತ್ತಿಗೆ ಹದಿನೆಂಟು ದಿನ. ಬೆಳಿಗ್ಗೆ ನಾನು ಅರಚುತ್ತಿದ್ದರೆ ಅವಳು ನಮ್ಮಿಬ್ಬರ ಮುಖ ನೋಡಿ ನಗುತ್ತಿದ್ದಳು, ಏನೋ ತಮಾಷೆ ನಡೆದಿದೆ ಅಂದುಕೊಂಡು.

ಗ್ಯಾರೇಜಿನಲ್ಲಿ ರಜೆ ಕೊಡಲಿಲ್ಲ. ಲಾರಿ ಕೆಳಗೆ ಮಲಗಿ ಹನ್ನೊಂದಾಯಿತೇ ಅಂತ ಕೇಳುತ್ತಿರುವುದಷ್ಟೇ ನನ್ನ ಕೈಲಾಗುವುದು.

ಕೈ ಸುಮ್ಮನಿರದಿದ್ದರೆ ಅಮ್ಮನ ಕೈ ಹಿಡಿದುಕೊಂಡು ಕೂತಿರು. ಎರಡೂ ಕೈಯಲ್ಲಿ ಹಿಡಿ.