ಲಿಫ್ಟಿನ ಬಾಗಿಲು

ಜೂನ್ ೧೪, ಶುಕ್ರವಾರ

ಸಭಿಕ ಮಹಾಶಯರೇ, ಸಭ್ಯತೆಯ ಬಗ್ಗೆ ಮಾತಾಡಲು ನಮ್ಮ ಕಚೇರಿಯಲ್ಲಿ ನನ್ನಷ್ಟು ಅರ್ಹರು ಇನ್ನೊಬ್ಬರಿಲ್ಲ. ಲಿಫ್ಟಿನೊಳಗೆ ಅಂಟಿಸಿರುವ ಪದ್ಯ ನನ್ನದೇ:

ಬರುವವರ ಕಂಡರೆ ಬಾಗಿಲು ಹಿಡಿಯಿರಿ,
ಒಂದು ಗಳಿಗೆ ತಡೆದು ಜೊತೆಯಲ್ಲೇ ಇಳಿಯಿರಿ.

ಪಕ್ಕದ ಮೇಜಿನ ಮೇಡಮ್ಮನ್ನು ಇವತ್ತು ಕೆಲಸದಿಂದ ತೆಗೆದರು. ಸಂಜೆ ಅವರು ಹೂಕುಂಡ, ಚಹಾದ ಲೋಟ ಎಲ್ಲ ತುಂಬಿದ ಪೆಟ್ಟಿಗೆ ಹೊತ್ತು ಬರುವಾಗ ನಾನು ಲಿಫ್ಟಿನಲ್ಲಿದ್ದೆ.

"ಕವಿಗಳೇ, ಸ್ವಲ್ಪ ತಡೀರಿ" ಅಂದರು.

ಅವರ ಮುಖ ನೋಡಿ ಏನು ಹೇಳಲಿ? ನಾಲಿಗೆಗಿಂತ ಬೆರಳು ಚುರುಕಾಯಿತು. ಬಾಗಿಲು ಮುಚ್ಚುವ ಗುಂಡಿ ಒತ್ತಿಬಿಟ್ಟೆ. ಕೆಳಗೆ ಇಳಿಯುವಷ್ಟು ಹೊತ್ತೂ ನನ್ನ ಪದ್ಯ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ವಿಷಯ ಹೇಳಿದೆ. ಇವಳು ಕೇಳಿದಳು, "ಪಾಪ, ಹೊರಡುವಾಗ ಅವರನ್ನ ಮಾತಾಡಿಸಿದ್ರಿ ತಾನೇ?"

"ಎಲ್ಲಿ, ಲಿಫ್ಟ್ ತುಂಬಿಹೋಗಿತ್ತು ಕಣೇ."

"ನೀವಾದ್ರೂ ಇಳಿದು ಜಾಗ ಬಿಡೋದಲ್ವಾ? ಪದ್ಯ ಬರೆದವರು."

ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ. ಇವಳೀಗ ನಿದ್ದೆ ಹೋಗಿದ್ದಾಳೆ, ನನಗದು ಬರುವ ಲಕ್ಷಣವಿಲ್ಲ.

ಆದ್ದರಿಂದ ಮಹಾಶಯರೇ... ಎಲ್ಲಿಯ ಮಹಾಶಯರು, ಇಲ್ಲಿ ಯಾರೂ ಇಲ್ಲ. ಲಿಫ್ಟಿನಲ್ಲೂ ಯಾರೂ ಇರಲಿಲ್ಲ. ನಾನೊಬ್ಬನೇ ಇದ್ದೆ.